ಕೇಳಿಸದ ಉಸಿರು

ಒಂದು ಕಾಲದಲ್ಲಿ ಅವಳ ಪಾಪ್ ಹಾಡುಗಳು ಬಸ್ಸು, ಅಂಗಡಿ, ಕಾಲೇಜಿನ ಅಂಗಳಗಳಲ್ಲೆಲ್ಲ ಮೊಳಗುತ್ತಿದ್ದವು. ಗಂಟಲಿನಲ್ಲಿ ಗಂಟು ಕಾಣಿಸಿಕೊಂಡು, ಇನ್ನು ಹಾಡಕೂಡದೆಂದು ವೈದ್ಯರು ವಿಧಿಸಿದ ಮೇಲೆ, ವೇದಿಕೆಗಾಗಿ ಹುರಿಗೊಳಿಸಿದ್ದ ದೇಹವೇ ಅವಳಿಗೆ ಅನ್ನದ ದಾರಿ ತೋರಿತು. ಔಷಧದಂಗಡಿಯ ಮೇಲಿದ್ದ ಜಿಮ್ಮಿನಲ್ಲಿ ಅವಳು ತರಬೇತುದಾರಳಾದಳು. ಹಿರಿಯ ಹೆಂಗಸರ ಬೆಳಗಿನ ತರಗತಿ ಅವಳ ಪಾಲಿಗೆ ಬಂತು. ಅವಳ ಹಳೆಯ ಕೀರ್ತಿಯ ಗೊಡವೆ ಅವರಲ್ಲಿ ಯಾರಿಗೂ ಇರಲಿಲ್ಲ. ಕೈಯೂರದೆ ನೆಲದಿಂದ ಏಳಬಲ್ಲ ಮಂಡಿ ಸಿಕ್ಕರೆ ಅವರಿಗೆ ಸಾಕಿತ್ತು. ತಾನು ಇನ್ನೊಬ್ಬರಿಗೆ ಬೇಕಾದವಳೆಂಬ ನಂಬಿಕೆ ಅವಳಲ್ಲಿ ಮರಳಿ ಚಿಗುರಿದ್ದು ಆ ಕೋಣೆಯಲ್ಲಿಯೇ.

ಆದರೆ ತೂಕವೆತ್ತುವಾಗ ಒಬ್ಬರಾದ ಮೇಲೊಬ್ಬರಿಗೆ ತಲೆ ಸುತ್ತತೊಡಗಿತು. ಮೊದಲು ಅವರಲ್ಲೊಬ್ಬರಾದ ಗ್ರಂಥಪಾಲಕಿ ಕಂಬ ಹಿಡಿದು ನಿಂತರು. ಬಳಿಕ, ಎಲ್ಲರೂ ಸೂಜಿ ಚಿಕ್ಕಮ್ಮನೆಂದು ಕರೆಯುವ ದರ್ಜಿ ಹೆಂಗಸು ಚಾಪೆಯ ಮೇಲೆ ಕುಸಿದು ಕುಳಿತರು. ಜಿಮ್ಮಿನ ಯಜಮಾನ ಕೆಟ್ಟವನಲ್ಲ, ಪುಕ್ಕಲ. ಇನ್ನೊಬ್ಬರು ಹೀಗೆ ಕುಸಿದರೆ ಈ ತರಗತಿಯನ್ನೇ ಮುಚ್ಚುವೆನೆಂದು ಖಡಾಖಂಡಿತವಾಗಿ ಹೇಳಿಬಿಟ್ಟ. ಅವಳು ತೂಕ ಇಳಿಸಿದಳು, ಕಿಟಕಿ ತೆರೆಸಿದಳು, ಹಸಿದು ಬರಬೇಡಿರೆಂದು ಎಲ್ಲರನ್ನೂ ಬೇಡಿಕೊಂಡಳು. ತಲೆಸುತ್ತು ಜಗ್ಗಲಿಲ್ಲ.

ಕೊನೆಗೆ ಒಂದು ಸಂಜೆ ಕ್ಷಮೆ ಕೇಳಲೆಂದು ಚಿಕ್ಕಮ್ಮನ ಅಂಗಡಿಗೆ ಹೋದಳು. ಅವರು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು.

"ಚಿಕ್ಕಮ್ಮ, ಎತ್ತುವಾಗ ಉಸಿರು ಬಿಡ್ತೀರಿ ತಾನೆ? ಮೊದಲ ದಿನವೇ ಹೇಳಿದ್ನಲ್ಲ."

"ನೀನು ಬಿಟ್ರೆ ತಾನೆ ನಾವು ಬಿಡೋದು? ಈಗ ಬಿಡ್ತಾಳೆ, ಆಗ ಬಿಡ್ತಾಳೆ ಅಂತ ಕಾಯ್ತಾ ಇರ್ತೀವಿ. ನೀನು ಬಿಡೋದೇ ಇಲ್ಲ. ಅಷ್ಟರಲ್ಲಿ ಕಣ್ಣಿಗೆ ಕತ್ತಲೆ."

"ನಾನು ಬಿಡ್ತೀನಲ್ಲ!"

"ನಂಗಂತೂ ಕೇಳಿಸಿಲ್ಲಮ್ಮ. ಕಿವಿ ಇನ್ನೂ ಚೆನ್ನಾಗಿದೆ. ಪಕ್ಕದ ಮನೆ ಜಗಳ ಒಂದಕ್ಷರ ಬಿಡದೆ ಕೇಳುತ್ತೆ."

ಉಸಿರನ್ನು ಮೈಕಿನಿಂದ ಮರೆಮಾಚುವುದೇ ಗಾಯಕಿಯಾಗಿ ಅವಳು ಮಾಡಿದ ದೊಡ್ಡ ಸಾಧನೆಯಾಗಿತ್ತು. ಬಾಯಿ ಅರೆತೆರೆದು, ಮುಖ ತುಸು ಹೊರಳಿಸಿ, ಸದ್ದಿಲ್ಲದೆ ಎಳೆದು ಸದ್ದಿಲ್ಲದೆ ಬಿಡುವುದು. ಆದರೂ ನುಸುಳಿದ ಉಸಿರನ್ನು ಧ್ವನಿಮುದ್ರಣದವರು ಕತ್ತರಿಸಿ ಎಸೆಯುತ್ತಿದ್ದರು. ಹಾಡು ಬಿಟ್ಟುಹೋದರೂ ಆ ಅಭ್ಯಾಸ ಅವಳನ್ನು ಬಿಟ್ಟಿರಲಿಲ್ಲ. ಅವಳನ್ನೇ ಕಣ್ಣಿಟ್ಟು, ಕಿವಿಯಿಟ್ಟು ಅನುಸರಿಸುತ್ತಿದ್ದ ಆ ಹೆಂಗಸರು ಕೇಳಿಸದ ಉಸಿರಿಗಾಗಿ ತಮ್ಮ ಪ್ರಾಣವನ್ನೇ ಬಿಗಿಹಿಡಿದು ನಿಂತಿದ್ದರು.

ಮರುದಿನ ಬೆಳಿಗ್ಗೆ ಯಜಮಾನ ಕೈಕಟ್ಟಿ ಬಾಗಿಲಲ್ಲೇ ನಿಂತಿದ್ದ. ಅವಳು ಗಂಟಲಿಗೆ ಶ್ರಮವಾಗದಿರಲೆಂದು ತರಗತಿಯಲ್ಲಿ ತೊಡುತ್ತಿದ್ದ ಮೈಕನ್ನು ಕೆನ್ನೆಯ ಬಳಿಯಿಂದ ತುಟಿಯ ಮುಂದಕ್ಕೆ ಎಳೆದುಕೊಂಡು, ತೂಕವೆತ್ತುತ್ತ ಕಮ್ಮಾರನ ತಿದಿಯಂತೆ ಬುಸ್ಸೆಂದು ಉಸಿರು ಬಿಟ್ಟಳು. ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ವೇದಿಕೆಯ ಮೇಲಾಗಿದ್ದರೆ ತಲೆಯೆತ್ತಲಾಗದಂಥ ಸದ್ದು ಅದು. ನಾಚಿಕೆಯಿಂದ ಅವಳ ಕಿವಿಗಳು ಬಿಸಿಯಾದವು. ಆದರೂ ಇನ್ನೊಮ್ಮೆ ಬಿಟ್ಟಳು, ಇನ್ನೂ ಜೋರಾಗಿ.

"ನನ್ನ ಜೊತೇಲೇ ಬಿಡಿ. ಚೆನ್ನಾಗಿ ಕೇಳಿಸ್ಬೇಕು."

ಸೂಜಿ ಚಿಕ್ಕಮ್ಮ ತೂಕ ಕೈಗೆತ್ತಿಕೊಂಡರು. ಯಜಮಾನ ಒಂದು ಹೆಜ್ಜೆ ಒಳಗಿಟ್ಟ. ಚಿಕ್ಕಮ್ಮ ಬುಸ್ಸೆಂದು ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಮುಖದ ಕಳೆ ಕುಂದಲಿಲ್ಲ. ಸಾಲಿಗೆ ಸಾಲೇ ಬುಸುಗುಟ್ಟತೊಡಗಿತು.

"ಲೈಬ್ರರೀಲಿ ಉಸಿರೆತ್ತಿದ್ರೂ ಗದರಿಸ್ತೀರಿ, ಇಲ್ಲಿ ನಿಮ್ದೇ ದೊಡ್ಡ ಗದ್ದಲ," ಎಂದು ಚಿಕ್ಕಮ್ಮ ಗ್ರಂಥಪಾಲಕಿಯನ್ನು ಛೇಡಿಸಿದರು. ಅವರು ಉತ್ತರವಾಗಿ ಇನ್ನೊಮ್ಮೆ ಬುಸ್ಸೆಂದರು.

ತರಗತಿ ಮುಗಿಯುವವರೆಗೂ ಯಾರೊಬ್ಬರೂ ಕಂಬದ ಕಡೆಗೆ ಸುಳಿಯಲಿಲ್ಲ. ಹೆಂಗಸರು ಬೆವರೊರೆಸಿಕೊಳ್ಳುತ್ತಿರುವಾಗ ಯಜಮಾನ ಮೆಲ್ಲನೆ ಅವಳ ಬಳಿಗೆ ಬಂದ. ತರಗತಿ ಮುಚ್ಚುವ ಮಾತು ಅವನ ಬಾಯಿಂದ ಬರಲಿಲ್ಲ.

"ನಮ್ಮಮ್ಮಂಗೆ ಮೆಟ್ಟಿಲು ಹತ್ತಿದ್ರೆ ಸುಸ್ತು. ಇವ್ರ ಜೊತೆ ಸೇರಿಸ್ಕೋತೀರಾ?"

"ನಾಳೇನೇ ಕರ್ಕೊಂಡು ಬನ್ನಿ," ಎಂದಳು ಅವಳು. "ಮೊದಲ ದಿನ ಬರೀ ಉಸಿರು. ತೂಕ ಆಮೇಲೆ."