ದೊರೆಗೊಂದು ಮನೆ ಬೇಕಾಗಿದೆ

ನಮ್ಮ ಆಫೀಸಿನಲ್ಲಿ ದಿನವೂ ಗಂಡಂದಿರು ಸಾಯುತ್ತಾರೆ. ಹೆಂಡತಿಯರೂ ಸಾಯುತ್ತಾರೆ, ಆದರೆ ಕಡಿಮೆ. ಗಂಡ ಸತ್ತನೆಂದರೆ ಓದುವವರ ಕರುಳು ಬೇಗ ಚುರುಕ್ ಎನ್ನುತ್ತದೆ ಎಂದು ಮೋಸಗಾರರು ಎಲ್ಲೋ ಕಂಡುಕೊಂಡಿರಬೇಕು. "ಮನೆಯವರು ತೀರಿಕೊಂಡಿದ್ದಾರೆ. ಅವರು ಮುದ್ದಿನಿಂದ ಸಾಕಿದ ಗಿಳಿಗೆ ಪ್ರೀತಿಯ ಮನೆ ಬೇಕಾಗಿದೆ. ಹಣ ಬೇಡ." ಮರುಳಾಗಿ ಫೋನ್ ಮಾಡಿದರೆ ಗೂಡಿಗಿಷ್ಟು, ಗಾಡಿಗಿಷ್ಟು ಎಂದು ಶುರುವಾಗುತ್ತದೆ. ಕೊಟ್ಟವರಿಗೆ ಗಿಳಿಯೂ ಇಲ್ಲ, ಗಿಳಿಯ ಪುಕ್ಕವೂ ಇಲ್ಲ.

ಇಂಥ ಜಾಹೀರಾತು ಜನರ ಕಣ್ಣಿಗೆ ಬೀಳುವ ಮೊದಲು ನಮ್ಮ ಕಣ್ಣಿಗೆ ಬೀಳಬೇಕು. ಹಳೆ ಸೋಫಾ, ಬಾಡಿಗೆ ಮನೆ, ಸಾಕುಪ್ರಾಣಿ ಎಲ್ಲವೂ ಸಿಗುವ ವೆಬ್‌ಸೈಟು ನಮ್ಮದು. ನನ್ನ ಪಾಲಿಗೆ ಬಂದಿರುವುದು ಹಕ್ಕಿಗಳು. ನಿಜವೆನಿಸಿದರೆ ಹಸಿರು ಗುಂಡಿ, ಸುಳ್ಳೆನಿಸಿದರೆ ಕೆಂಪು. ಜಾಹೀರಾತು ಹಾಕಿದವರ ಹೆಸರು, ನಂಬರು, ಊರು ಯಾವುದೂ ನಮಗೆ ಕಾಣುವುದಿಲ್ಲ. ಯಾರ ಮುಲಾಜಿಗೂ ಬೀಳಬಾರದು ಎಂದು ಮುಚ್ಚಿಟ್ಟಿರುತ್ತಾರೆ. ಒಂದು ಫೋಟೊ ಮತ್ತು ನಾಲ್ಕು ಸಾಲು ಮಾತು ನೋಡಿ ತೀರ್ಮಾನ ಮಾಡಬೇಕು.

ಪಕ್ಕದ ಕುರ್ಚಿಯವಳು ನಾಯಿ ಬೆಕ್ಕುಗಳನ್ನು ನೋಡಿಕೊಳ್ಳುತ್ತಾಳೆ. ಅವಳಿಗೆ ಕತ್ತರಿ ಎಂದೇ ಹೆಸರು, ಯಾಕೆಂದರೆ ಅವಳ ಕೈಗೆ ಸಿಕ್ಕ ಜಾಹೀರಾತು ಉಳಿಯುವುದು ಕಷ್ಟ. ಮಧ್ಯಾಹ್ನ ಡಬ್ಬಿ ಬಿಚ್ಚುತ್ತಾ, "ಇವತ್ತು ನಿನ್ನ ಕಡೆ ಎಷ್ಟು ಗಂಡಂದಿರು ಹೋದ್ರೇ?" ಎಂದು ಕೇಳುತ್ತಾಳೆ. ನಾನು ಹೇಳುತ್ತೇನೆ, ಇಬ್ಬರೂ ನಗುತ್ತೇವೆ. ನಮ್ಮಣ್ಣ ಹೋದ ಮೇಲೂ ನಾನು ನಕ್ಕೆ.

ಅಣ್ಣ ಲಿಫ್ಟ್ ಮೆಕ್ಯಾನಿಕ್. ಕೆಲಸಕ್ಕೆಂದು ಬಸ್ಸು ಹತ್ತಿದವನು ಕೂತಲ್ಲೇ ಹೋಗಿಬಿಟ್ಟಿದ್ದ. ಕೊನೆಯ ಸ್ಟಾಪಿನಲ್ಲಿ ಕಂಡಕ್ಟರು ಎಬ್ಬಿಸಲು ಹೋದಾಗಲೇ ಗೊತ್ತಾದದ್ದು. ನಾನು ಆಫೀಸಿಗೆ ಜ್ವರ ಎಂದು ರಜೆ ಹಾಕಿದೆ. ನಿಜ ಬರೆಯೋಣವೆಂದು ಕೂತರೆ, ನಾನು ದಿನಾ ಕೆಂಪು ಗುಂಡಿ ಒತ್ತುವ ಸಾಲಿನ ಹಾಗೇ ಕಂಡಿತು. ಎಲ್ಲ ಮುಗಿಸಿ ಬಂದು ಅದೇ ಕುರ್ಚಿಯಲ್ಲಿ ಕೂತೆ. ಅಳು ಬರಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ, ಇಡೀ ಮೈ ಹಾಗಿತ್ತು. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು, ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ. ನನಗೆ ಅಣ್ಣನ ಮೇಲೆ ಪ್ರೀತಿಯೇ ಇರಲಿಲ್ಲವೇನೋ ಎಂದು ಒಮ್ಮೊಮ್ಮೆ ಅನುಮಾನವಾಗುತ್ತಿತ್ತು.

ಅಣ್ಣ ಬಿಟ್ಟುಹೋದದ್ದು ಅತ್ತಿಗೆಯನ್ನು ಮತ್ತು ದೊರೆಯನ್ನು. ದೊರೆ ಎಂದರೆ ಅವನ ಬೂದು ಗಿಳಿ, ಬಾಲ ಮಾತ್ರ ಕೆಂಪು, ಎಡಗಾಲಿನ ಒಂದು ಬೆರಳು ಮೊಂಡು. ಅಣ್ಣನ ಹೆಗಲು ಬಿಟ್ಟರೆ ಬೇರೆ ಯಾರ ಹೆಗಲೂ ಅದಕ್ಕೆ ಆಗಿಬರುತ್ತಿರಲಿಲ್ಲ. ಮಾತು ಕಲಿತದ್ದೂ ಅವನ ದನಿಯಲ್ಲೇ. ಬೆಲ್ ಆಗಲಿ, ಬೀಗದ ಸದ್ದಾಗಲಿ, ಒಳಗಿನಿಂದ "ಬಂದೆ ಬಂದೆ, ಬಾಗ್ಲು ಮುರೀಬೇಡಿ" ಎನ್ನುತ್ತಿತ್ತು. ಥೇಟ್ ಅಣ್ಣನೇ. ಅವನಿದ್ದಾಗ ಬಂದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಅವನು ಹೋದ ಮೇಲೂ ಅದು ಹೇಳುವುದನ್ನು ನಿಲ್ಲಿಸಲಿಲ್ಲ.

ನಾನು ಪ್ರತಿ ಭಾನುವಾರ ಅತ್ತಿಗೆಯ ಮನೆಗೆ ಹೋಗುತ್ತಿದ್ದೆ. ಅತ್ತಿಗೆಯನ್ನು ಮಾತಾಡಿಸಲು ಎಂದು ಹೇಳಿಕೊಳ್ಳುತ್ತಿದ್ದೆ. ಬೆಲ್ ಒತ್ತಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ದೊರೆ ಬಾಯಿ ಬಿಡುವ ಮೊದಲೇ ಅತ್ತಿಗೆ ಬಾಗಿಲು ತೆಗೆದರೆ ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ದೊಡ್ಡಪ್ಪನ ಮಕ್ಕಳೂ ಬಂದು ಅಣ್ಣನ ದನಿಯನ್ನು ಫೋನಿನಲ್ಲಿ ಹಿಡಿದುಕೊಂಡು, ಕಣ್ಣೊರೆಸಿಕೊಂಡು ಹೋದರು.

ಹೀಗಿರುವಾಗ ಒಂದು ಮಂಗಳವಾರ ನನ್ನ ಮುಂದೆ ಒಂದು ಜಾಹೀರಾತು ಬಂತು. "ಮನೆಯವರು ತೀರಿಕೊಂಡಿದ್ದಾರೆ. ಅವರು ಮುದ್ದಿನಿಂದ ಸಾಕಿದ ಗಿಳಿಗೆ ಪ್ರೀತಿಯ ಮನೆ ಬೇಕಾಗಿದೆ. ಹಣ ಬೇಡ." ಅಕ್ಷರ ಅಕ್ಷರವೂ ಕಳ್ಳರ ಮಾತು. ಖಾತೆ ತೆರೆದದ್ದು ಅದೇ ದಿನ. ಫೋಟೊ ಹಳೆಯದು, ಹಕ್ಕಿ ಸಾಕುವವರ ಒಂದು ಗುಂಪಿನಲ್ಲಿ ವರ್ಷಗಳ ಹಿಂದೆಯೇ ಬಂದಿತ್ತೆಂದು ಕಂಪ್ಯೂಟರು ಹುಡುಕಿ ತೋರಿಸಿತು. ಕೆಂಪು ಒತ್ತಲು ಇನ್ನೇನು ಬೇಕು. ಅಭ್ಯಾಸಬಲದಿಂದ ಫೋಟೊ ದೊಡ್ಡದು ಮಾಡಿದೆ.

ದೊರೆ. ಅಣ್ಣನ ಸಲಕರಣೆ ಪೆಟ್ಟಿಗೆಯ ಮೇಲೆ ಕೂತಿತ್ತು. ಎಡಗಾಲಿನ ಮೊಂಡು ಬೆರಳು, ಸಂಶಯವೇ ಇಲ್ಲ. ಫೋಟೊದ ಅಂಚಿನಲ್ಲಿ ಒಂದು ಹೆಬ್ಬೆಟ್ಟು, ಉಗುರಿನ ಸುತ್ತ ಕಪ್ಪು ಗ್ರೀಸು. ಎಷ್ಟು ತಿಕ್ಕಿದರೂ ಹೋಗದ ಆ ಗ್ರೀಸಿಗಾಗಿ ಅಮ್ಮ ಅವನನ್ನು ಬೈಯುತ್ತಿದ್ದಳು.

ಅಣ್ಣನೂ ಆ ಗುಂಪಿನಲ್ಲಿದ್ದ, ಅವನು ಹೋದ ಸುದ್ದಿಯನ್ನು ಅವರು ಅಲ್ಲಿ ಹಾಕಿದ್ದರು. ಅಲ್ಲಿಂದ ಯಾವನೋ ಫೋಟೊ ಕದ್ದಿದ್ದಾನೆ, ಜೊತೆಗೆ ಅಣ್ಣನ ಸಾವನ್ನೂ ಕದ್ದಿದ್ದಾನೆ ಎಂದುಕೊಂಡೆ. ಮೈ ಉರಿದುಹೋಯಿತು. ಅಷ್ಟು ದಿನಗಳ ಮೇಲೆ ನನಗೆ ಆದ ಮೊದಲನೆಯ ಅನುಭವ ಅದು, ಹಿತವಾಗಿಯೇ ಇತ್ತು.

ಹಾಕಿದವರಿಗೆ ಒಂದು ಅವಕಾಶ ಕೊಡಬೇಕೆಂಬುದು ನಮ್ಮ ನಿಯಮ. ನಾವು ಎರಡು ಪದ ಕೊಡುತ್ತೇವೆ. ಅದನ್ನು ಕಾಗದದಲ್ಲಿ ಬರೆದು, ಹಕ್ಕಿಯ ಪಕ್ಕ ಹಿಡಿದು, ಹೊಸ ಫೋಟೊ ಕಳಿಸಬೇಕು. ಹಕ್ಕಿ ಇದ್ದವರು ಕಳಿಸುತ್ತಾರೆ, ಇಲ್ಲದವರು ನೆಪ ಹೇಳುತ್ತಾರೆ. ಕತ್ತರಿಯ ಕುರ್ಚಿಗೆ ಅವಳ ಕೊಡೆ ನೇತಾಡುತ್ತಿತ್ತು. "ನೀಲಿ ಕೊಡೆ" ಎಂದು ಬರೆದು ಕಳಿಸಿದೆ.

ಮಾರನೆಯ ದಿನ ಉತ್ತರ ಬಂತು. "ಹಕ್ಕಿ ಹತ್ತಿರ ಬಿಡುವುದಿಲ್ಲ. ಕಾಗದ ಹರಿದು ಹಾಕುತ್ತದೆ. ದಯವಿಟ್ಟು ಹಾಗೆಯೇ ಹಾಕಿಕೊಡಿ."

ಕಳ್ಳರ ಹಕ್ಕಿಗಳೆಲ್ಲ ಕಾಗದ ಹರಿಯುತ್ತವೆ, ಕಳ್ಳರ ಕ್ಯಾಮೆರಾಗಳೆಲ್ಲ ಕೆಟ್ಟಿರುತ್ತವೆ. ಕೆಂಪು ಒತ್ತಿದೆ. ಅದರ ಕೆಳಗೆ ಖಾತೆಯನ್ನೇ ಕಾಯಂ ಆಗಿ ಮುಚ್ಚುವ ಇನ್ನೊಂದು ಗುಂಡಿ ಇದೆ, ಅದನ್ನೂ ಒತ್ತಿದೆ. ಕಾರಣ ಕೇಳುವ ಜಾಗದಲ್ಲಿ "ಮೋಸ" ಎಂದು ಬರೆದೆ. ಜಾಹೀರಾತು ಹಾಕಿದವರಿಗೂ ಆ ಪದ ಹೋಗುತ್ತದೆ.

ಅಷ್ಟಕ್ಕೂ ಸಮಾಧಾನವಾಗದೆ ಅತ್ತಿಗೆಗೆ ಫೋನ್ ಮಾಡಿದೆ. ಅವರು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ.

"ಅತ್ತಿಗೆ, ಯಾವನೋ ಅಯೋಗ್ಯ ಅಣ್ಣನ ಫೋಟೊ ಕದ್ದು ದೊರೆನ ಕೊಡ್ತೀನಿ ಅಂತ ಜಾಹೀರಾತು ಹಾಕಿದ್ದ. ಗಂಡ ಸತ್ತ ಅಂತ ಬೇರೆ ಬರ್ದಿದ್ದ. ಇನ್ನು ಜನ್ಮದಲ್ಲಿ ಆ ಕಡೆ ತಲೆ ಹಾಕಬಾರ್ದು, ಹಾಗೆ ಮಾಡಿದೀನಿ."

ಆ ಕಡೆ ಯಾರೋ ಗಿರಾಕಿ ಅಕ್ಷರ ಓದುತ್ತಿರುವುದು ಕೇಳುತ್ತಿತ್ತು. ದೊಡ್ಡ ಅಕ್ಷರದಿಂದ ಚಿಕ್ಕ ಅಕ್ಷರದವರೆಗೂ ಓದಿ ಮುಗಿಸಿದರು.

"ಹೌದಾ," ಎಂದರು ಅತ್ತಿಗೆ. "ಒಳ್ಳೇದು ಮಾಡ್ದೆ ಬಿಡು. ಭಾನುವಾರ ಬರ್ತೀಯಲ್ಲ?"

ಭಾನುವಾರ ಹೋದೆ. ಬೆಲ್ ಒತ್ತಿದೆ, "ಬಂದೆ ಬಂದೆ, ಬಾಗ್ಲು ಮುರೀಬೇಡಿ" ಕೇಳಿಸಿತು, ಆಮೇಲೆ ಅತ್ತಿಗೆ ಬಾಗಿಲು ತೆಗೆದರು. ಅವರ ಬಲಗೈಯ ಎರಡು ಬೆರಳಿಗೆ ಪಟ್ಟಿ ಸುತ್ತಿತ್ತು. ಅಂಗಡಿಯಲ್ಲಿ ಗಾಜು ತಾಗಿತು ಎಂದರು. ನಾನು ಹೂಂ ಎಂದು ಒಳಗೆ ಹೋಗಿ ಗೂಡಿನ ಮುಂದೆ ನನ್ನ ಮಾಮೂಲಿ ಜಾಗದಲ್ಲಿ ಕೂತೆ. ಅತ್ತಿಗೆ ಟೀಗೆ ನೀರಿಡಲು ಹೋದರು.

"ಒಂದೇ ಒಂದ್ಸಲ ಸುಮ್ನೆ ನಿಲ್ಲೋ ದೊರೆ."

ಅತ್ತಿಗೆ ಅಡುಗೆಮನೆಯಿಂದ ಮಾತಾಡಿದರೆಂದು ತಿರುಗಿ ನೋಡಿದೆ. ಅವರು ನನಗೆ ಬೆನ್ನು ಹಾಕಿ ಸಕ್ಕರೆ ಡಬ್ಬಿ ತೆಗೆಯುತ್ತಿದ್ದರು. ದೊರೆ ಕತ್ತು ವಾರೆ ಮಾಡಿ ನನ್ನನ್ನು ನೋಡುತ್ತಿತ್ತು. ಅತ್ತಿಗೆಯ ದನಿಯಲ್ಲಿ ಅದು ಒಂದು ಮಾತನ್ನೂ ಆಡಿದ್ದಿಲ್ಲ.

"ನಿಂಗೆ ಕೈ ಮುಗೀತೀನಿ ಕಣೋ. ನೀಲಿ ಕೊಡೆ. ನೀಲಿ ಕೊಡೆ, ಅಷ್ಟೇ."

ಗೋಗರೆಯುವ ದನಿ. ಅತ್ತಿಗೆ ಯಾರ ಮುಂದೆಯೂ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬಸ್ಸಿನಿಂದ ಅಣ್ಣನನ್ನು ಇಳಿಸಿದ ದಿನವೂ ಇಲ್ಲ.

ಅತ್ತಿಗೆ ಒಲೆ ಆರಿಸಿದರು. ಬಂದು ಎದುರಿನ ಕುರ್ಚಿಯಲ್ಲಿ ಕೂತು ಪಟ್ಟಿ ಸುತ್ತಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ನೀವಾ ಅತ್ತಿಗೆ?"

"ನಾನೇ."

"ಆ ಮಾತು ನಿಮ್ದಲ್ಲ. ನೀವು ಹಾಗೆ ಬರೆಯೋರಲ್ಲ."

"ನಂಗೆ ಬರೆಯೋಕೆ ಎಲ್ಲಿ ಬರತ್ತೆ. ಅದ್ರಲ್ಲೇ ಇನ್ನೊಬ್ಳು ಹಾಕಿದ್ಲು, ಅದನ್ನ ನೋಡ್ಕೊಂಡು ಬರ್ದೆ. ಪಾಪ, ಅವಳಿಗೂ ನನ್ ಹಾಗೇ ಆಗಿದೆ ಅಂದ್ಕೊಂಡೆ."

ಆ ಇನ್ನೊಬ್ಬಳು ನನ್ನ ಕಣ್ಣು ತಪ್ಪಿಸಿ ನುಸುಳಿದ ಯಾವನೋ ಕಳ್ಳ. ನಿಜವಾದ ಗಂಡ ಸತ್ತವಳು ಅವನನ್ನು ನೋಡಿ ಕಾಪಿ ಹೊಡೆದು ಸಿಕ್ಕಿಬಿದ್ದಿದ್ದಳು. ನಾನು ಅದನ್ನು ಹೇಳಲಿಲ್ಲ.

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಕೊಡು ಅಂತಿದ್ಯಾ? ನಿಮಗೆಲ್ಲ ಅವರ ದನಿ ಬೇಕು. ವಾರಕ್ಕೊಂದ್ಸಲ ಬರ್ತೀರಿ, ಕೇಳ್ಕೊಂಡು ಹೋಗ್ತೀರಿ. ನಾನು ಕೆಲಸ ಮುಗಿಸ್ಕೊಂಡು ಬಂದು ಬೀಗ ತೆಗೀಬೇಕು. ದಿನಾ ಒಳಗಿಂದ ಬಂದೆ ಬಂದೆ ಅನ್ನತ್ತೆ. ದಿನಾ ಒಂದು ಚೂರು ಹೊತ್ತು ನಾನು ನಂಬ್ತೀನಿ. ಆಮೇಲೆ ಒಳಗೆ ಬಂದು ಲೈಟ್ ಹಾಕ್ಬೇಕು. ಬೀಗದ ಕೈ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತಿರ್ತೀನಿ, ಗೊತ್ತಾ. ಕೆಳಗಿನ ಮನೆಯವರು ಕೀ ಕಳೀತಾ ಅಂತ ಕೇಳ್ತಾರೆ."

"ಹಾಗಾದ್ರೆ ನಾನೇ ತಗೊಂಡು ಹೋಗ್ತೀನಿ. ನಮ್ಮನೇಲಿ ಇರ್ಲಿ."

ಎಷ್ಟು ಬೇಗ ಹೇಳಿದೆನೆಂದರೆ, ಅದಕ್ಕಾಗಿಯೇ ಕಾದಿದ್ದವಳ ಹಾಗೆ ನನಗೇ ಕೇಳಿಸಿತು. ಅತ್ತಿಗೆ ನನ್ನ ಮುಖವನ್ನು ಬೇಸರವಿಲ್ಲದೆ ನೋಡಿದರು.

"ನಿನ್ ಮನೇಲಿಟ್ಕೊಂಡ್ರೆ ನಾನು ಅಲ್ಲಿಗೆ ಬರೋದು ಹೇಗೆ? ನಂಗೆ ಹೋಗೋಕೆ ಅಂತ ಇರೋದು ಅದೊಂದೇ ಮನೆ."

ನಾನು ಗೂಡನ್ನು ನೋಡಿದೆ, ಅತ್ತಿಗೆಯನ್ನು ನೋಡಿದೆ. ಪ್ರತಿ ಭಾನುವಾರ ಬಂದಿದ್ದೆ. ಅವರನ್ನು ನಮ್ಮ ಮನೆಗೆ ಒಂದು ಸಲವೂ ಕರೆದಿರಲಿಲ್ಲ.

"ಕಾಗದ ಕೊಡಿ," ಎಂದೆ.

ಅತ್ತಿಗೆ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪಗೆ ಬರೆದುಕೊಟ್ಟರು. ನಾನು ಗೂಡಿನ ಬಾಗಿಲು ತೆಗೆದು ಅದನ್ನು ದೊರೆಯ ಪಕ್ಕ ಹಿಡಿದೆ. ಅದು ಮೊದಲು ಕಾಗದವನ್ನು ನೋಡಿತು, ಆಮೇಲೆ ನನ್ನ ಹೆಬ್ಬೆಟ್ಟನ್ನು ಹಿಡಿಯಿತು. ಕೊಕ್ಕು ಮೂಳೆಯ ತನಕ ಇಳಿದ ಹಾಗಾಯಿತು. ನಾನು ಕೈ ಎಳೆದುಕೊಳ್ಳಲಿಲ್ಲ. "ತೆಗೀರಿ ಅತ್ತಿಗೆ," ಎಂದೆ. ಅವರು ಫೋಟೊ ತೆಗೆದರು. ನೋಯುತ್ತಿತ್ತು, ನನ್ನ ಕೈ ನನಗೇ ನೋಯುತ್ತಿತ್ತು.

ಮುಚ್ಚಿದ ಖಾತೆಯನ್ನು ಮತ್ತೆ ತೆರೆಯಬೇಕಾದರೆ ಮುಚ್ಚಿದವರು ನೋಡುವಂತಿಲ್ಲ, ಬೇರೆಯವರು ನೋಡಬೇಕು. ಅತ್ತಿಗೆ ಹೊಸ ಫೋಟೊ ಇಟ್ಟು ಕಳಿಸಿದ ಮನವಿ ಸೋಮವಾರ ಹೋಗಿ ಬಿದ್ದದ್ದು ಕತ್ತರಿಯ ಮುಂದೆ. ನನಗೆ ಅವಳ ಪರದೆ ಕಾಣುತ್ತಿತ್ತು.

"ಇವಳೊಬ್ಬಳು ನೋಡು," ಎಂದಳು ಕತ್ತರಿ. "ನೀನು ಮೋಸ ಅಂತ ಮುಚ್ಚಿದ್ರೂ ಮತ್ತೆ ಬಂದಿದಾಳೆ. ಗಂಡ ಹೋದ, ಹಕ್ಕಿ ಪುಕ್ಕಟೆ, ಅದೇ ಹಳೇ ರಾಗ. ಹಕ್ಕಿಯೇನೋ ಇದೆ. ಆದ್ರೆ ಈ ಕೈ ಹೆಂಗಸಿನ ಕೈ, ಹಳೇ ಫೋಟೊದಲ್ಲಿ ಇರೋದು ಗಂಡಸಿನ ಕೈ. ಯಾರ್ದೋ ಹಕ್ಕಿ ಹೊಡ್ಕೊಂಡು ಬಂದಿರ್ಬೇಕು." ಅವಳ ಬೆರಳು ಕೆಂಪು ಗುಂಡಿಯ ಕಡೆ ಹೋಯಿತು.

ಇದು ನಮ್ಮವರದು ಎಂದು ಹೇಳಬಾರದೆನ್ನುವುದು ನಿಯಮ. ಹೇಳದಿದ್ದರೆ ಅತ್ತಿಗೆ ಇವತ್ತು ಸಂಜೆಯೂ ಮೆಟ್ಟಿಲ ಮೇಲೆ ಕೂರುತ್ತಾರೆ.

"ಒತ್ತಬೇಡ ಕತ್ತರಿ. ಅದು ನಿಜ."

"ಅದು ಹೇಗೆ ಹೇಳ್ತೀಯಾ?"

ಮೇಜಿನ ಮೇಲೆ ನನ್ನ ಕೈ ಇಟ್ಟೆ. ಅವಳು ಹೆಬ್ಬೆಟ್ಟಿನ ಗಾಯ ನೋಡಿದಳು, ಪರದೆ ನೋಡಿದಳು.

"ಆ ಇನ್ನೊಂದು ಕೈ ನಮ್ಮಣ್ಣಂದು," ಎಂದೆ. "ತೀರ್ಕೊಂಡಿರೋದು ನಮ್ಮಣ್ಣ."

"ಯಾವಾಗೇ?"

"ಜ್ವರ ಅಂತ ರಜಾ ಹಾಕಿದ್ನಲ್ಲ, ಆಗ."

ಕತ್ತರಿ ಹಸಿರು ಗುಂಡಿ ಒತ್ತಿದಳು, ತನ್ನ ಕುರ್ಚಿಯನ್ನು ನನ್ನ ಕುರ್ಚಿಗೆ ಅಂಟುವಷ್ಟು ಹತ್ತಿರ ಎಳೆದುಕೊಂಡಳು. ಆಗ ನನಗೆ ಅಳು ಬಂತು.