ಆಲಿಕಲ್ಲಿಗೆ ಒಡೆಯದ ಒಂದೇ ಒಂದು ಸೂರು

ಆಲಿಕಲ್ಲು ಮಳೆ ಬಿದ್ದದ್ದು ಒಟ್ಟು ಹನ್ನೊಂದು ನಿಮಿಷ. ಅಷ್ಟರಲ್ಲಿ ಬೀದಿಯ ಹದಿನೈದು ಮನೆಗಳ ಹೆಂಚು ಒಡೆಯಿತು, ಕೋಳಿಗಳೆಲ್ಲ ಮಂಚದಡಿ ಸೇರಿಕೊಂಡವು, ಗ್ಯಾರಂಟಿ ಮೇಸ್ತ್ರಿಯ ಮೂವತ್ತು ವರ್ಷದ ಹೆಸರಿಗೆ ಸಂಚಕಾರ ಬಂತು. ಮಳೆ ನಿಂತ ಮೇಲೆ ಕೋಳಿಗಳು ಹೊರಗೆ ಬಂದವು. ಮೇಸ್ತ್ರಿ ಬರಲಿಲ್ಲ.

ಹೇಗೆ ಬಂದಾನು? ಆ ಹದಿನೈದೂ ಮನೆಗಳಿಗೆ ಹೆಂಚು ಹೊದಿಸಿದವನು ಅವನೇ. ಒಂದೊಂದು ಮನೆ ಮುಗಿದಾಗಲೂ ಏಣಿಯಿಂದಿಳಿದು, ಕೈ ಕೊಡವಿ, "ಆಕಾಶ ಕಳಚಿ ಬಿದ್ರೂ ಇದು ಅಲ್ಲಾಡಲ್ಲ, ಗ್ಯಾರಂಟಿ" ಎನ್ನುತ್ತಿದ್ದ. ಹೆತ್ತವರಿಟ್ಟ ಹೆಸರು ಮೂಲೆಗೆ ಸೇರಿ ಊರಲ್ಲೆಲ್ಲ ಗ್ಯಾರಂಟಿ ಮೇಸ್ತ್ರಿ ಎಂಬುದೇ ನಿಂತಿತ್ತು. ಎರಡು ವರ್ಷದ ಹಿಂದೆ ವಿಮೆ ಏಜೆಂಟು ಬಂದು, ಮನೆಗೆ ವಿಮೆ ಮಾಡಿಸಿ, ಗಾಳಿಮಳೆ ಆಲಿಕಲ್ಲಿಗೆಲ್ಲ ಪರಿಹಾರ ಬರುತ್ತದೆ ಎಂದಾಗ ಬೀದಿಯವರೆಲ್ಲ ಸಹಿ ಹಾಕಿದರು. ಮೇಸ್ತ್ರಿ ಮಾತ್ರ ಮೀಸೆ ತಿರುವಿ, "ನಾನು ಹೊದಿಸಿದ ಹೆಂಚಿಗೆ ನಾನೇ ವಿಮೆ ಮಾಡಿಸಿದ್ರೆ ನನ್ನನ್ನ ಯಾರಪ್ಪ ಕೆಲಸಕ್ಕೆ ಕರೀತಾರೆ?" ಎಂದು ಏಜೆಂಟನಿಗೆ ಒಂದು ಲೋಟ ನೀರು ಕುಡಿಸಿ ಸಾಗಹಾಕಿದ್ದ. ಮಾತೇನೋ ಚೆನ್ನಾಗಿತ್ತು. ಚೆನ್ನಾದ ಮಾತು ಆಡುವುದರಲ್ಲಿ ಅವನು ಯಾವತ್ತೂ ಹಿಂದೆ ಬಿದ್ದವನಲ್ಲ.

ಈಗ ಅವನದೇ ನಡುಮನೆಯಲ್ಲಿ ನಿಂತು ಕತ್ತೆತ್ತಿದರೆ ಮೋಡ ಕಾಣುತ್ತಿತ್ತು. ಮೇಸ್ತ್ರಿ ಸ್ವಲ್ಪ ಹೊತ್ತು ಆ ಮೋಡವನ್ನೇ ದುರುಗುಟ್ಟಿ ನೋಡಿದ. ಆಮೇಲೆ ಅವನ ತಲೆಗೊಂದು ಉಪಾಯ ಹೊಳೆಯಿತು. ಹೊಳೆಯದೆ ಇದ್ದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು.

ಮನೆಯ ಸೂರಿಗೆ ಎರಡು ಇಳಿಜಾರು. ಮುಂದಿನದು ಬೀದಿಗೆ ಕಾಣುತ್ತದೆ. ಹಿಂದಿನದು ಅಡುಗೆಮನೆಯ ಮೇಲೆ ಇಳಿದು ಎತ್ತರದ ಗೋಡೆಯ ಮರೆಯಲ್ಲಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಅಕ್ಕಪಕ್ಕದವರೆಲ್ಲ ಮನೆಯೊಳಗಿನ ನೀರು ಎತ್ತಿಹಾಕುವುದರಲ್ಲಿ ಮುಳುಗಿದ್ದಾಗ ಮೇಸ್ತ್ರಿ ಏಣಿ ಹಾಕಿದ. ಹಿಂದಿನ ಇಳಿಜಾರಿನಲ್ಲಿ ಒಡೆಯದೆ ಉಳಿದಿದ್ದ ಹೆಂಚುಗಳನ್ನು ಒಂದೊಂದಾಗಿ ತೆಗೆದು ಮುಂದಿನ ಇಳಿಜಾರಿನ ತೂತುಗಳಿಗೆ ಹೊಂದಿಸತೊಡಗಿದ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಕೆಳಗೆ ನಿಂತಿದ್ದಳು.

"ಅಡುಗೆಮನೆ ಮೇಲೆ ಏನಿರುತ್ತೆ?"

"ಟಾರ್ಪಾಲು ಹೊದಿಸ್ತೀನಿ ಕಣೆ."

"ಟಾರ್ಪಾಲನ್ನ ಈಗ ತಾನೇ ಹಿತ್ತಲಿಂದ ಹೋಗಿ ನೀವೇ ಹೊಲಿಗೆ ಅಕ್ಕಂಗೆ ಕೊಟ್ಟು ಬಂದ್ರಲ್ಲ, ಮೆಷಿನ್ ಮೇಲೆ ಮುಚ್ಚೋದಕ್ಕೆ!"

ಹೊಲಿಗೆ ಅಕ್ಕ ಎಂದರೆ ಪಕ್ಕದ ಮನೆಯಾಕೆ. ಒಂಟಿ ಜೀವ. ಊರವರ ಬಟ್ಟೆ ಹೊಲಿದು ಬದುಕುತ್ತಿದ್ದಳು. ಮೇಸ್ತ್ರಿ ಇನ್ನೊಂದು ಹೆಂಚು ಕಿತ್ತ. ಹೆಂಡತಿ ಒಳಗೆ ಹೋಗಿ ಕೊಡೆ ಹುಡುಕಿದಳು.

ಮರುದಿನ ಬೀದಿಗೆ ಬೀದಿಯೇ ಅವನ ಮನೆಯ ಮುಂದೆ ನಿಂತು ಬಾಯಿಬಿಟ್ಟಿತು. ಒಂದು ಬಿರುಕೂ ಇಲ್ಲ! "ಅದಕ್ಕೇ ಹೇಳೋದು, ಕೈಗುಣ ಅಂತ" ಎಂದರು ನಿವೃತ್ತ ಹೆಡ್‌ಮಾಸ್ತರು. ಮೇಸ್ತ್ರಿ ಒಳಗೊಳಗೇ ಉಬ್ಬಿಹೋದ. ಮೂರು ದಿನ ಆ ಸುಖ ಉಂಡ. ಒಳಗೆ ಹೆಂಡತಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಸೌಟು ಹಿಡಿದು ಅಡುಗೆ ಮಾಡುತ್ತಿದ್ದಳು, ಬಿಸಿಲಾದರೆ ಬಿಸಿಲಿಗೆ, ತುಂತುರಾದರೆ ತುಂತುರಿಗೆ.

ನಾಲ್ಕನೆಯ ದಿನ ವಿಮೆ ಕಂಪನಿಯ ಸರ್ವೇಯರ್ ಬಂದ. ತೆಳ್ಳಗಿನ ಮನುಷ್ಯ, ಕುತ್ತಿಗೆಗೆ ಕ್ಯಾಮೆರಾ, ಕಂಕುಳಲ್ಲಿ ಫೈಲು. ಮೊದಲು ಹೊಲಿಗೆ ಅಕ್ಕನ ಮನೆಯಿಂದ ಶುರುಮಾಡಿದ. ಮೇಸ್ತ್ರಿಯೂ ಸೇರಿ ಬೀದಿಯವರೆಲ್ಲ ಅಲ್ಲಿ ನೆರೆದರು. ಒಡೆದ ಹೆಂಚು ಎಣಿಸಿದ, ನೆನೆದ ಮೆಷಿನ್ನಿನ ಫೋಟೋ ತೆಗೆದ, ಹೊರಗೆ ಬಂದು ಸೂರು ನೋಡಲು ತಲೆಯೆತ್ತಿದ. ಪಕ್ಕದ ಸೂರೂ ಕಣ್ಣಿಗೆ ಬಿತ್ತು. ಅವನ ಪೆನ್ನು ನಿಂತಿತು.

"ಈ ಮನೆಗೆ ಹೆಂಚು ಹಾಕಿದ್ದು ಯಾರು?"

"ಎಲ್ಲ ಮನೆಗೂ ನಮ್ಮ ಮೇಸ್ತ್ರಿನೇ ಸಾರ್" ಎಂದರು ಹೆಡ್‌ಮಾಸ್ತರು ಹೆಮ್ಮೆಯಿಂದ. "ಅದು ಅವರದೇ ಮನೆ. ಎಲ್ಲ ಒಂದೇ ಕಾಲಕ್ಕೆ ಆದದ್ದು."

"ಅದೇ ಮೇಸ್ತ್ರಿ, ಅದೇ ಕಾಲ. ಇದಕ್ಕೆ ಒಂದು ಗೀರೂ ಬಿದ್ದಿಲ್ಲ, ಗೋಡೆಗೆ ಗೋಡೆ ತಾಗಿದ ಮನೆ ಪುಡಿಪುಡಿ." ಸರ್ವೇಯರ್ ಕನ್ನಡಕ ಒರೆಸಿಕೊಂಡ. "ಅಂದ್ರೆ ಒಡೆದದ್ದು ಆಲಿಕಲ್ಲಿಂದ ಅಲ್ಲ ಅಮ್ಮ. ಹೆಂಚು ಮೊದಲೇ ಹಾಳಾಗಿರಬೇಕು, ನೀವು ನೋಡ್ಕೊಂಡಿಲ್ಲ. ಅಂಥದ್ದಕ್ಕೆ ಪರಿಹಾರ ಬರಲ್ಲ. ಬೀದಿಯವರಿಗೆಲ್ಲ ಹಾಗೇ ಬರೀಬೇಕಾಗುತ್ತೆ."

ಹೆಡ್‌ಮಾಸ್ತರ ಹೆಮ್ಮೆ ಜರ್ರನೆ ಇಳಿಯಿತು. ಅವರು ಮೇಸ್ತ್ರಿಯ ಕಡೆ ತಿರುಗಿದರು. "ಹಾಗಾದ್ರೆ ನಮಗೆಲ್ಲ ಕಳಪೆ ಮಾಲು ಹಾಕಿ ಒಳ್ಳೇದನ್ನ ನಿಮ್ಮನೇಗೆ ಇಟ್ಕೊಂಡ್ರಾ?"

ಆ ಮಾತು ಮೇಸ್ತ್ರಿಗೆ ಕಪಾಳಕ್ಕೆ ಹೊಡೆದಂತಾಯಿತು. ಆದರೆ ಅದಕ್ಕಿಂತ ಹೆಚ್ಚು ನೋವಾದದ್ದು ಹೊಲಿಗೆ ಅಕ್ಕ ಕೂಗಾಡದೆ ಇದ್ದದ್ದಕ್ಕೆ. ಅವಳು ಸರ್ವೇಯರನಿಗೆ ಸಣ್ಣ ದನಿಯಲ್ಲಿ, "ನಾನು ಪ್ರತಿ ವರ್ಷ ಹೆಂಚು ಸರಿ ಮಾಡಿಸ್ತೀನಿ ಸಾರ್. ಬೇಕಾದ್ರೆ ಮೇಸ್ತ್ರಿನೇ ಕೇಳಿ, ಅವರು ಸುಳ್ಳು ಹೇಳಲ್ಲ" ಎಂದಳು.

ಎಲ್ಲರೂ ಅವನತ್ತ ನೋಡಿದರು. ಸುಮ್ಮನಿದ್ದರೆ, ಸರ್ವೇಯರ್ ಹೇಳಿದಂತೆ ತಪ್ಪು ಮನೆಯವರದಾಗಿ ಹೆಸರು ಹೇಗೋ ಉಳಿಯುತ್ತದೆ, ಅಕ್ಕ ಮಳೆಗಾಲವನ್ನು ತೂತು ಬಿದ್ದ ಸೂರಿನಡಿ ಕಳೆಯುತ್ತಾಳೆ. ಬಾಯಿಬಿಟ್ಟರೆ ಅಕ್ಕನಿಗೆ ಸೂರು ಸಿಗುತ್ತದೆ, ಇವನು ಜೀವಮಾನವಿಡೀ ನಗೆಪಾಟಲು. ಹೆಂಚು ಹೊದಿಸುವುದು ಬಿಟ್ಟು ಬೇರೆ ಕೆಲಸ ಬಾರದವನಿಗೆ ಹೆಸರು ಬಿಡುವುದು ಹುಡುಗಾಟವಲ್ಲ. ಕೊನೆಗೆ ಅವನು ಸರ್ವೇಯರನ ಎದುರಿಗೆ ಬಂದು ನಿಂತ.

"ಸಾರ್," ಎಂದ, "ಸ್ವಲ್ಪ ನಮ್ಮ ಅಡುಗೆಮನೆಗೆ ಬರ್ತೀರಾ?"

"ಊಟ ಏನೂ ಬೇಡ."

"ಊಟಕ್ಕಲ್ಲ, ಬನ್ನಿ."

ಮುಂದೆ ಮೇಸ್ತ್ರಿ, ಹಿಂದೆ ಸರ್ವೇಯರ್, ಅವನ ಹಿಂದೆ ಇಡೀ ಬೀದಿ. ಅಡುಗೆಮನೆಯಲ್ಲಿ ಮೇಸ್ತ್ರಿಯ ಹೆಂಡತಿ ಕೊಡೆ ಹಿಡಿದು ಸಾರು ಕುದಿಸುತ್ತಿದ್ದಳು. ಅವಳ ತಲೆಯ ಮೇಲೆ ಹೆಂಚು ಕೂರಿಸುವ ಮರದ ಪಟ್ಟಿಗಳಷ್ಟೇ ಇದ್ದವು. ಅದರ ಮೇಲೆ ಕುಳಿತಿದ್ದ ಕಾಗೆಯೊಂದು ಬಗ್ಗಿ ಪಾತ್ರೆಯೊಳಗೆ ಇಣುಕುತ್ತಿತ್ತು. ಸರ್ವೇಯರ್ ಕಾಗೆಯನ್ನು ನೋಡಿದ, ಕೊಡೆಯನ್ನು ನೋಡಿದ, ಕೊನೆಗೆ ಮೇಸ್ತ್ರಿಯನ್ನು ನೋಡಿದ.

"ಮುಂದೆ ಕಾಣೋ ಹೆಂಚೆಲ್ಲ ಇಲ್ಲಿಂದ ಹೋದದ್ದು" ಎಂದ ಮೇಸ್ತ್ರಿ ನೆಲ ನೋಡುತ್ತ. "ನಂದೂ ಒಡೀತು ಸಾರ್. ನಾಚಿಕೆಗೆ ಮುಚ್ಚಿಟ್ಟೆ. ಬಿದ್ದದ್ದು ಆಲಿಕಲ್ಲೇ. ಅಕ್ಕನ ಮನೆ ಹೆಂಚು ಹೋದ ವರ್ಷ ನಾನೇ ನೋಡಿದೀನಿ, ಒಂದೂ ಹಾಳಾಗಿರಲಿಲ್ಲ."

ಹೊಲಿಗೆ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಅವಳ ಹಿಂದೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಾಗೆ ಹಾರಿಹೋಯಿತು. ಸರ್ವೇಯರ್ ಹಿತ್ತಲಲ್ಲಿ ಸೌದೆಯಡಿ ಬಚ್ಚಿಟ್ಟಿದ್ದ ಒಡಕು ಹೆಂಚುಗಳನ್ನು ಹೊರಗೆಳೆಸಿ ಎಣಿಸಿದ.

"ನೂರಾ ಹನ್ನೆರಡು! ಬೀದಿಯಲ್ಲೇ ಹೆಚ್ಚು ಒಡೆದದ್ದು ನಿಮ್ಮನೇದು. ಸರಿ, ಎಲ್ಲರಿಗೂ ಆಲಿಕಲ್ಲು ಅಂತಲೇ ಬರೀತೀನಿ. ನಿಮ್ಮ ಪಾಲಿಸಿ ನಂಬರ್ ಹೇಳಿ."

"ವಿಮೆ ಮಾಡಿಸಿಲ್ಲ ಸಾರ್."

ಮತ್ತೆ ನಗು. ಆದರೆ ಹೆಡ್‌ಮಾಸ್ತರಿಗೆ ಲೆಕ್ಕ ಕೂಡಿಬರಲಿಲ್ಲ. "ಅಲ್ಲ ಮೇಸ್ತ್ರಿ, ನನ್ನ ಮನೇಲಿ ಒಡೆದದ್ದು ನಲವತ್ತು. ನಿಮ್ಮನೇಲಿ ಮಾತ್ರ ಇಷ್ಟೊಂದು ಯಾಕೆ?"

ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಹೆಂಡತಿ ಸೌಟು ಕೆಳಗಿಟ್ಟಳು. "ಯಾಕೆ ಅಂದ್ರೆ? ಗಾಡಿಯಿಂದ ಹೆಂಚು ಇಳಿಸಿದ ಕೂಡ್ಲೇ ಇವರು ಒಂದೊಂದನ್ನೂ ತಟ್ಟಿ ನೋಡೋರು. ಗಟ್ಟಿ ಇದ್ದದ್ದೆಲ್ಲ ನಿಮ್ಮ ಮನೆಗಳಿಗೆ. ಉಳಿದ ಸೀಳಿದ್ದು, ಸೊಟ್ಟಗಿದ್ದದ್ದು ನಮ್ಮನೇಗೆ."

ನಗುತ್ತಿದ್ದವರೆಲ್ಲ ಸುಮ್ಮನಾದರು. ಮೇಸ್ತ್ರಿಗೆ ಆಗಿನ ನಗುವಿಗಿಂತ ಈ ಮೌನವೇ ಹೆಚ್ಚು ನಾಚಿಕೆ ತಂದಿತು. ಅವನು ಸುಮ್ಮನೆ ಒಂದು ಒಡಕು ಹೆಂಚು ಎತ್ತಿ ತಿರುಗಿಸಿ ನೋಡತೊಡಗಿದ. ಹೆಡ್‌ಮಾಸ್ತರು ಕೆಮ್ಮಿ, "ನಾನು ಆಗ ಅಂದದ್ದು..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು.

"ನಾಳೆಯಿಂದ ಕೆಲಸ ಶುರು" ಎಂದ ಮೇಸ್ತ್ರಿ ಮಾತು ಬದಲಿಸಲು. "ಮೊದಲು ಅಕ್ಕನ ಮನೆ."

"ಬೇಡ" ಎಂದಳು ಹೊಲಿಗೆ ಅಕ್ಕ. ಅವಳ ಕಣ್ಣು ತುಂಬಿತ್ತು. "ನನ್ನ ಹತ್ರ ನಿಮ್ಮ ಟಾರ್ಪಾಲಿದೆ. ಮೊದಲು ಈ ಅಡುಗೆಮನೆ ಆಗ್ಲಿ. ಏನಂತೀರಿ ಎಲ್ಲರೂ?"

ಯಾರೂ ಬೇಡವೆನ್ನಲಿಲ್ಲ. ಮೇಸ್ತ್ರಿ ಹೆಂಡತಿಯ ಮುಖ ನೋಡಿದ. ಅವಳು ನಾಲ್ಕು ದಿನದ ಮೇಲೆ ಕೊಡೆ ಮಡಿಸಿ ಅವನ ಕೈಗೆ ಕೊಟ್ಟಳು.

"ಹಾಕೋದು ಹಾಕ್ತೀರಿ, ಒಂದು ಮಾತು ನೆನಪಿಟ್ಕೊಳ್ಳಿ" ಎಂದಳು. "ಮನೆ ನಿಮ್ಮದು ಅಂತ ಹಾಕ್ಬೇಡಿ. ಯಾರೋ ಗಿರಾಕಿಯದು ಅಂದ್ಕೊಂಡು ಹಾಕಿ."