ಸಿಂಗಸಂದ್ರದ ಕಾವು

ಬೇಕರಿ ಒಲೆಯ ತಗಡಿನ ಬಾಗಿಲನ್ನು ವತ್ಸಲಾ ಪಕ್ಕಕ್ಕೆ ಸರಿಸುತ್ತಿದ್ದಂತೆ ಒಳಗಿನ ವಾಸನೆ ಮುಖಕ್ಕೆ ಬಂತು. ಸೌದೆಯ ಹೊಗೆ, ಕಂದಿದ ಸಕ್ಕರೆ, ಹುಳಿ ಬಂದ ಹಿಟ್ಟು. ಏಳು ವರ್ಷದವಳಿದ್ದಾಗ ಅಪ್ಪನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ಶಾಲೆಗೆ ಹೋಗುವಾಗ, ಹೊಸೂರು ರಸ್ತೆಯ ಈ ತಿರುವಿನಲ್ಲಿ ದಿನಾ ಎದುರಾಗುತ್ತಿದ್ದ ವಾಸನೆ ಅದೇ. ಆಗ ಕಣ್ಣು ಮುಚ್ಚಿಕೊಂಡು, ಅದು ಮುಗಿಯುವವರೆಗೆ ಉಸಿರೆಳೆದುಕೊಳ್ಳುತ್ತಿದ್ದಳು. ಈಗ ಅರ್ಧ ಉಸಿರಿಗೇ ಮುಖ ಪಕ್ಕಕ್ಕೆ ತಿರುಗಿಸಿದಳು.

ಗೋಡೆಯ ಆಚೆ, ಮನೆಯ ಜಗಲಿಯ ಮೇಲೆ, ಬೇಕರಿಯ ಆವಲಪ್ಪನನ್ನು ಮಲಗಿಸಿದ್ದರು. ಬೆಳಗಿನ ಬನ್ನುಗಳನ್ನೆಲ್ಲ ಒಲೆಯಿಂದ ತೆಗೆದು, ಮೈದಾ ಮೂಟೆಗೆ ಒರಗಿ, ಹೆಂಡತಿ ಈಶ್ವರಮ್ಮನನ್ನು ಕಾಫಿ ಕೇಳಿದ್ದ. ಕಾಫಿ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಮಗಳು ಹೊಸೂರಿನಿಂದ ಬಂದ ಮೇಲೆ ಮೂರು ಗಂಟೆಗೆ ಮಣ್ಣು ಎಂದು ನಿಶ್ಚಯವಾಗಿತ್ತು.

ವತ್ಸಲಾ ಒಲೆಯೊಳಗೆ ಕೈ ಚಾಚಿ ಮನಸ್ಸಿನಲ್ಲೇ ಹೇಳಿಕೊಂಡಳು. ಮಡಿವಾಳ, ಬೊಮ್ಮನಹಳ್ಳಿ, ಗಾರ್ವೇಬಾವಿಪಾಳ್ಯ, ಕೂಡ್ಲು, ಸಿಂಗಸಂದ್ರ. ಅಲ್ಲಿಗೆ ಕೈ ತಡೆಯಲಾರದೆ ಹಿಂದಕ್ಕೆ ಬಂತು.

ಆವಲಪ್ಪ ಕಲಿಸಿದ ಲೆಕ್ಕ ಅದು. ಬಸ್ಸಿನ ಕಂಡಕ್ಟರು ಕೂಗುವ ಸ್ಟಾಪುಗಳನ್ನು ಒಂದೊಂದಾಗಿ ಹೇಳಬೇಕು. ಬೊಮ್ಮನಹಳ್ಳಿಗೇ ಕೈ ಸುಟ್ಟರೆ ಬ್ರೆಡ್ಡಿನ ಕಾವು. ಸಿಂಗಸಂದ್ರದವರೆಗೆ ತಡೆದರೆ ಕೇಕಿನದು. ಅತ್ತಿಬೆಲೆ ಮುಟ್ಟಿದರೆ ರಸ್ಕು ಒಣಗಿಸಬಹುದು, ಅಷ್ಟೇ. ಇಳಿದ ಕಾವು ಮತ್ತೆ ಸೌದೆ ಹಾಕದೆ ಏರುವುದಿಲ್ಲ. ಹೆಣವಿರುವ ಮನೆಯಲ್ಲಿ ಬೆಂಕಿ ಹಚ್ಚುವಂತಿಲ್ಲ.

ಅವಳ ಇನ್ನೊಂದು ಕೈಯಲ್ಲಿ ಒಂದು ಚೀಟಿ ಇತ್ತು. ಗಂಡನ ಅಂಗಿ ಬಿಚ್ಚುವಾಗ ಜೇಬಿನಲ್ಲಿ ಸಿಕ್ಕಿತೆಂದು ಈಶ್ವರಮ್ಮ ಕೊಟ್ಟಿದ್ದಳು. ವತ್ಸಲಾ ಜಗಲಿಗೆ ಬಂದು ಅವಳ ಪಕ್ಕ ಕೂತಳು.

"ಏನ್ ಬರ್ದೈತೆ ಮಗಾ?"

"ಇವತ್ತಿನ ಕೇಕು ಅತ್ತೆ. ಬೊಮ್ಮಸಂದ್ರದ ಫ್ಯಾಕ್ಟರಿಗೆ ಹೋಗ್ತಾರಲ್ಲ ರಾಮಪ್ರಸಾದ್, ಅವರ ಮಗು ದ್ವಾರಕಾನಾಥಂಗೆ ಒಂದು ವರ್ಷ. ಸಂಜೆ ಐದಕ್ಕೆ ಬರ್ತಾರೆ."

"ಊಂ. ರಾತ್ರಿ ಉಣ್ಣೋವಾಗ್ಲೂ ಏಳ್ತಿದ್ರು. ಮೊದಲ್ನೇ ವರ್ಸ ಒಂದೇ ಸಲ ಬರೋದು ಅಂತ."

ಹೂವಿನ ಹಾರ ಹಿಡಿದು ನಿಂತಿದ್ದ ಆವಲಪ್ಪನ ತಮ್ಮ ಚಿಕ್ಕಬೈರಪ್ಪ ಇತ್ತ ತಿರುಗಿದ. "ಎಣ ಇಟ್ಕೊಂಡು ಕೇಕಿನ್ ಮಾತಾ ಅತ್ಗೆ? ಒಲೆ ಅಚ್ಚಬಾರ್ದು ಅಂತ ಗೊತ್ತಿಲ್ವಾ?"

"ನಾವೆಲ್ಲಿ ಅಚ್ತಿದೀವಿ? ಅಚ್ಚಿದ್ದು ನಿಮ್ಮಣ್ಣಾನೇ."

"ಸೂತಕದ ಮನೇದು, ಮಗೀನ ಉಟ್ಟಿದಬ್ಬಕ್ಕೆ ಯಾರ್ ತಕ್ಕೊಂತಾರೆ?"

"ತಕ್ಕೊಳ್ಳೋದು ಬಿಡೋದು ಅವರಿಷ್ಟ. ಕೊಡ್ತೀನಿ ಅಂದಿದ್ದು ಇವರು." ಈಶ್ವರಮ್ಮ ಗಂಡನ ಹಣೆಯ ಮೇಲಿನ ನೊಣ ಅಟ್ಟಿದಳು. "ಕಾವು ಎಲ್ಲಿಗ್ ಬಂದೈತೆ ಮಗಾ?"

"ಸಿಂಗಸಂದ್ರ."

"ಮತ್ತಿನ್ನೇನ್ ಕುಂತಿದೀಯ?"

*

ಎರಡು ವರ್ಷದ ಹಿಂದೆ, ಎಂಬತ್ತೆರಡರಲ್ಲಿ, ಬಿ.ಎ.ಗೆ ಸೇರಿದ ವರ್ಷ, ವತ್ಸಲಾ ಈ ಬೇಕರಿಗೆ ಕೆಲಸಕ್ಕೆ ಬಂದಿದ್ದಳು. ಕಾಲೇಜು ಮಧ್ಯಾಹ್ನಕ್ಕೆ ಬಿಡುತ್ತಿತ್ತು.

"ಓದೋ ಉಡ್ಗಿಗೆ ಇಟ್ಟಿನ ಸಾವಾಸ ಯಾಕವ್ವಾ?" ಎಂದು ಆವಲಪ್ಪ ಕೇಳಿದ್ದ.

"ವಾಸನೆಗೆ ಮಾಮ," ಎಂದಿದ್ದಳು. ಅವನು ನಕ್ಕು, ಸೊಂಟಕ್ಕೆ ಕಟ್ಟಿಕೊಳ್ಳಲು ಒಗೆದ ಮೈದಾ ಚೀಲದ ಬಟ್ಟೆ ಕೊಟ್ಟಿದ್ದ.

ಮೊದಲ ವಾರವೇ ಒಂದು ಕೇಕನ್ನು ಅವಳ ಮುಂದೆ ತಂದಿಟ್ಟ. "ಎಂಗೈತೆ?"

ಬಿಳಿ ಕ್ರೀಮಿನ ಮೇಲೆ ಕೆಂಪು ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ಮೇಲಿನ ಸಾಲಿನಲ್ಲಿ 'ಪಟ್ಟಾಭಿರಾಮ'. ಕೆಳಗಿನ ಸಾಲಿನಲ್ಲಿ 'ಮೊಟ್ಟೆ ಬೇಡ'.

ಪಕ್ಕದಲ್ಲಿ ಗಿರಾಕಿ ಬರೆದುಕೊಟ್ಟ ಚೀಟಿ ಇತ್ತು. ಅದರಲ್ಲಿದ್ದ ಪ್ರತಿ ಗೆರೆಯನ್ನೂ ಆವಲಪ್ಪ ರಂಗೋಲಿಯಂತೆ ನೋಡಿ ಬಿಡಿಸಿದ್ದ. ದಂಡು ಪ್ರದೇಶದ ಬೇಕರಿಗಳಲ್ಲಿ ಕಣ್ಣಿಂದಲೇ ಕಸುಬು ಕಲಿತವನಿಗೆ ಅಕ್ಷರ ಗೊತ್ತಿಲ್ಲವೆಂಬುದು ಅವಳಿಗೆ ಆಗ ಹೊಳೆಯಿತು. ಬಾಯಿಗೆ ಬಂದ ನಗುವನ್ನು ಕಚ್ಚಿ ಹಿಡಿದಳು.

"ಚೆನ್ನಾಗಿದೆ ಮಾಮ. ಕೆಳಗಡೆ ಎರಡು ಗುಲಾಬಿ ಇಟ್ರೆ ಇನ್ನೂ ಚೆನ್ನಾಗಿರುತ್ತೆ."

"ಎಲ್ಲಿ?"

"ಇಲ್ಲಿ. ಈ ಸಾಲಿನ ಮೇಲೇನೇ."

ಅವನು ಅವಳ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಎರಡು ಹೂ ಇಟ್ಟ. ಮೊಟ್ಟೆ ಒಂದರಡಿಗೆ ಹೋಯಿತು, ಬೇಡ ಇನ್ನೊಂದರಡಿಗೆ.

ಮಾರನೆಯ ದಿನ ಕ್ರೀಮು ತುಂಬಿದ ಕಾಗದದ ಕೋನನ್ನು ಅವಳ ಕೈಗಿತ್ತ. "ಇನ್ಮೇಲೆ ಅಕ್ಸರ ನಿಂದು, ಊವು ನಂದು." ಆ ಬಗ್ಗೆ ಇಬ್ಬರೂ ಮತ್ತೆ ಮಾತಾಡಲಿಲ್ಲ. ಅಭ್ಯಾಸಕ್ಕೆಂದು ಅವಳು ಮಾಡಿದ ಗುಲಾಬಿಗಳನ್ನು ನೋಡಿ ಮಾತ್ರ ಅವನು ದಿನಾ ಒಂದೇ ಮಾತು ಹೇಳುತ್ತಿದ್ದ. "ಕೋಸು ಸಕ್ಕತ್ತಾಗೈತೆ. ಪಲ್ಯ ಮಾಡಾನಾ?"

*

ಮಗಳು ಬಂದಳು, ಅತ್ತಳು. ಮೂರಕ್ಕೆ ಗಂಡಸರು ಆವಲಪ್ಪನನ್ನು ಹೊತ್ತುಕೊಂಡು ಹೊಲದ ಕಡೆ ಹೋದರು. ಹೆಂಗಸರು ಜಗಲಿ ತೊಳೆಯತೊಡಗಿದರು. ವತ್ಸಲಾ ತಲೆಗೆ ನೀರು ಹಾಕಿಕೊಂಡು ಬೇಕರಿಗೆ ಬಂದು, ಆರಿದ ಕೇಕಿಗೆ ಕ್ರೀಮು ಹಚ್ಚಿದಳು. ಕಾವು ಸರಿಯಾಗಿತ್ತು, ಕೇಕು ಎಲ್ಲೂ ಕುಸಿಯದೆ, ನಡುವೆ ಸಣ್ಣಗೆ ಉಬ್ಬಿ ಬಂದಿತ್ತು.

ಹೆಸರು ಬರೆಯುವುದು ಸುಲಭವಾಯಿತು. ಗುಲಾಬಿಯೇ ಬರಲಿಲ್ಲ. ಎಡಗೈಯಲ್ಲಿ ಹಿಡಿದ ಅಗಲ ತಲೆಯ ಮೊಳೆಯ ಮೇಲೆ ಕ್ರೀಮಿನ ಎಸಳು ಸುತ್ತಿ ಸುತ್ತಿ ಏಳು ಕೋಸುಗಳನ್ನು ಬಟ್ಟಲಿಗೆ ವಾಪಸು ಕೆರೆದಳು. ಎಂಟನೆಯದಕ್ಕೆ, ಎರಡು ವರ್ಷದಿಂದ ಕಿವಿಗೆ ಬೀಳುತ್ತಿದ್ದ ಆವಲಪ್ಪನ ಇನ್ನೊಂದು ಮಾತು ಕೈಗೆ ತಲುಪಿತು: ಕೈ ತಿರುಗಿಸಬ್ಯಾಡ, ಮೊಳೆ ತಿರುಗ್ಸು.

ಬಾಗಿಲಲ್ಲಿ ಈಶ್ವರಮ್ಮ ನಿಂತಿದ್ದಳು. ಒದ್ದೆ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಊವು ವಾಲೈತೆ," ಎಂದಳು.

"ಹೂಂ ಅತ್ತೆ."

"ಅವರದೂ ಮೊದ್ಮೊದ್ಲು ವಾಲ್ತಿತ್ತು. ಇರ್ಲಿ ಬಿಡು." ಬೆಳಗಿನಿಂದ ಮೊದಲ ಸಲ ಅವಳ ಬಾಯಿಯ ಒಂದು ಕೊನೆ ನಗುವಿನ ಕಡೆ ಹೋಯಿತು.

ಐದಕ್ಕೆ ರಾಮಪ್ರಸಾದನ ಸ್ಕೂಟರು ಬಂತು. ಮಣ್ಣು ಮಾಡಿ ಬಂದ ಗಂಡಸರು ಕೈಕಾಲು ತೊಳೆದುಕೊಂಡು ಜಗಲಿಯ ಮೇಲೆ ಕೂತಿದ್ದರು. ಅವನು ನೇರ ಅವರ ಬಳಿ ಹೋಗಿ ಕೈಮುಗಿದು ನಿಂತ. ಕೇಕಿನ ಮಾತೆತ್ತಲಿಲ್ಲ.

ವತ್ಸಲಾ ಡಬ್ಬ ಹಿಡಿದು ಹೊರಗೆ ಬಂದಳು. ಚಿಕ್ಕಬೈರಪ್ಪ ಇಬ್ಬರನ್ನೂ ನೋಡುತ್ತಿದ್ದ.

"ಸಾರ್, ಸೂತಕದ ಮನೇದು. ಬೆಂಕಿ ನಾವು ಹಚ್ಚಿಲ್ಲ. ಮಾಮ ಹಚ್ಚಿದ್ದ ಕಾವಲ್ಲೇ ಬೇಯಿಸಿದ್ದು. ಬೇಡ ಅಂದ್ರೆ ಬೇಜಾರಿಲ್ಲ."

ರಾಮಪ್ರಸಾದ ಮುಚ್ಚಳ ತೆರೆದು ನೋಡಿದ.

"ಫ್ಯಾಕ್ಟರಿ ಗೇಟಲ್ಲಿ ವಿಷಯ ಗೊತ್ತಾಯ್ತು. ಮನೆಗೆ ಹೋಗಿ ಹೆಂಡ್ತಿ ಸೀತಾಗೆ ಹೇಳ್ದೆ," ಎಂದ. "ಮಾಡಿದ್ರೆ ತಗೊಂಡು ಬನ್ನಿ, ಮಾಡದಿದ್ರೆ ಕೇಳ್ಬೇಡಿ ಅಂದ್ಲು."

ಸ್ಕೂಟರಿನ ಕೊಕ್ಕೆಗೆ ತೂಗಿಸಿದ್ದ ನಾಲ್ಕು ಬಟ್ಟಲಿನ ಟಿಫಿನ್ ಕ್ಯಾರಿಯರನ್ನು ತೆಗೆದು ಚಿಕ್ಕಬೈರಪ್ಪನ ಪಕ್ಕ ಇಟ್ಟ. ಡಬ್ಬವನ್ನು ಕಾಲುಗಳ ನಡುವೆ ಜೋಪಾನವಾಗಿ ಇರಿಸಿಕೊಂಡ. ಹೊಸೂರು ರಸ್ತೆಯ ಲಾರಿಗಳಿಗೆಲ್ಲ ದಾರಿ ಬಿಡುತ್ತಾ ಮೆಲ್ಲಗೆ ಹೋದ.

ವತ್ಸಲಾ ಬೇಕರಿಗೆ ಮರಳಿ ಮೇಜು ಒರೆಸಿದಳು. ತಗಡು ಸರಿಸಿ ಒಲೆಯೊಳಗೆ ಕೈ ಚಾಚಿದಳು. ಸಿಂಗಸಂದ್ರ ದಾಟಿತು. ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರ. ಅತ್ತಿಬೆಲೆಯೂ ದಾಟಿತು. ಆವಲಪ್ಪ ಕಲಿಸಿದ ಊರುಗಳು ಮುಗಿದವು; ಇಟ್ಟಿಗೆಗಳು ಇನ್ನೂ ಬೆಚ್ಚಗಿದ್ದವು. ಅವಳು ಕೈ ತೆಗೆಯಲಿಲ್ಲ.

ಹಿಂದೆ ಹೆಜ್ಜೆಯ ಸದ್ದಾಯಿತು. ಚಿಕ್ಕಬೈರಪ್ಪ ಬಂದಿದ್ದ. ಒಂದು ತಟ್ಟೆಯಲ್ಲಿ ಕ್ಯಾರಿಯರಿನ ಬಿಸಿ ಅನ್ನ, ಸಾರು, ಒಂದು ಚೂರು ಉಪ್ಪಿನಕಾಯಿ. ಅವಳು ಒಲೆಯಿಂದ ಕೈ ತೆಗೆಯುವವರೆಗೆ ಕಾದು, ಆ ಕೈಗೇ ತಟ್ಟೆ ಕೊಟ್ಟು ಹೊರಗೆ ಹೋದ.